ಬಾಲ್ಯಸಖರ ಪುನಸ್ಸಮಾಗಮ

ಬಾಲ್ಯದ ಸ್ನೇಹವು ನಿಷ್ಕಲ್ಮಷವಾದುದೆಂಬುದು ಲೋಕದ ವಾಡಿಕೆಯ ಮಾತು. ಆದರೆ ಬಹುಕಾಲ ಅಗಲಿದ್ದ ಸಖರು ಪ್ರೌಢರಾದ ಮೇಲೆ ಎದುರುಬದುರಾದಾಗ, ಹರ್ಷದ ಜೊತೆಗೇ ಒಂದು ಬಗೆಯ ಅಳುಕೂ ಮನಸ್ಸನ್ನು ಹೊಗುವುದುಂಟು. ಒಬ್ಬನು ಮರೆತುದನ್ನು ಮತ್ತೊಬ್ಬನು ನೆನಪಿನಲ್ಲಿಟ್ಟುಕೊಂಡಿರಬಹುದು. ಈಗಿನ ಸ್ಥಾನಮಾನಗಳ ಅಡಿಯಲ್ಲಿ ಅಡಗಿರುವ ಹಳೆಯ ಹುಡುಗನನ್ನು ಅವನ ಕಣ್ಣು ಗುರುತಿಸಿಬಿಡಬಹುದು. ಜಪಾನಿನ ಪ್ರೌಢರ ಚಿತ್ರಕಥೆಗಳಲ್ಲಿ ಈ ಅಳುಕನ್ನೇ ಜೀವಾಳವನ್ನಾಗಿ ಮಾಡಿಕೊಂಡ ಕೃತಿಗಳುಂಟು. ಕನ್ನಡಿಗರಿಗಾದರೋ ಇದು ಹೊಸ ವಸ್ತುವಲ್ಲ. ಸಾವಿರ ವರ್ಷಗಳಿಗೂ ಹಿಂದೆ ಪಂಪಕವಿಯು ಇದನ್ನು ಕಂಡಿದ್ದನು.

941ರ ಸುಮಾರಿಗೆ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೋಣನು ಬಡತನದಿಂದ ನೊಂದು, ತನ್ನೊಡನೆ ಆಡಿ ಓದಿದ ದ್ರುಪದನ ಅರಮನೆಯ ಬಾಗಿಲಿಗೆ ಬರುತ್ತಾನೆ. ಒಡನಾಡಿಯಾದ ದ್ರೋಣನು ಬಂದಿರುವನೆಂದು ತಿಳಿಸುವಂತೆ ಬಾಗಿಲು ಕಾಯುವವನೊಡನೆ ಹೇಳಿಕಳುಹುತ್ತಾನೆ. ರಾಜ್ಯಮದದಿಂದ ಕುರುಡಾದ ದ್ರುಪದನು ಅವನನ್ನು ಅರಿಯೆನೆಂದುಬಿಡುತ್ತಾನೆ. ಅಧಿಕಾರವು ಮನುಷ್ಯನಿಗೆ ಮರೆಯುವ ಸೌಕರ್ಯವನ್ನು ಕೊಡುತ್ತದೆ. ದಾರಿದ್ರ್ಯವು ಆ ಸೌಕರ್ಯವನ್ನು ಕೊಡುವುದಿಲ್ಲ.

ಮುಂದೆ ನಡೆದುದು ಮಹಾಭಾರತವನ್ನು ಬಲ್ಲವರಿಗೆಲ್ಲ ತಿಳಿದ ವಿಷಯವೇ ಸರಿ. ದ್ರೋಣನು ಗುರುದಕ್ಷಿಣೆಯಾಗಿ ದ್ರುಪದನನ್ನು ಸೆರೆಹಿಡಿಸಿದನು. ವ್ಯಾಸಭಾರತದಲ್ಲಿ ಅವನು ಅರ್ಧರಾಜ್ಯವನ್ನು ತಾನಿಟ್ಟುಕೊಂಡು, ಇನ್ನು ತಾವಿಬ್ಬರೂ ಸಮಾನರಾದುದರಿಂದ ಸಖರಾಗಬಹುದೆನ್ನುತ್ತಾನೆ. ಆ ಎರಡನೆಯ ಸಮಾಗಮವು ಮೊದಲನೆಯದಕ್ಕಿಂತಲೂ ಭಯಂಕರವಾದುದು. ದ್ರುಪದನು ದ್ರೋಣವಧೆಗಾಗಿ ಯಜ್ಞಮಾಡಿ ಧೃಷ್ಟದ್ಯುಮ್ನನನ್ನು ಪಡೆದನು. ಬಾಲಕರ ಒಂದು ಮಾತು ಕುರುಕ್ಷೇತ್ರದವರೆಗೂ ಹರಿಯಿತು.

ಇನ್ನು ಚಿತ್ರಗಳ ಮೂಲಕ ಕಥೆ ಹೇಳುವ ಕ್ರಮವೂ ಈ ಸೀಮೆಗೆ ಅಪರಿಚಿತವಲ್ಲ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳನ್ನು ನೋಡಿದವರು ಇದನ್ನು ಬಲ್ಲರು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಒಂದೇ ಚರ್ಮದ ಹಲಗೆಯಲ್ಲಿ ಹಲವು ಪಾತ್ರಗಳನ್ನು ಕೊರೆದು, ಒಂದು ಸನ್ನಿವೇಶವನ್ನೇ ನಿಲ್ಲಿಸುವ ಪದ್ಧತಿಯುಂಟು. ಒಂದು ಚಿತ್ರ ಸರಿದು ಮತ್ತೊಂದು ಬರುವ ನಡುವಿನ ಖಾಲಿಯನ್ನು ಪ್ರೇಕ್ಷಕನ ಮನಸ್ಸೇ ತುಂಬಿಕೊಳ್ಳುತ್ತದೆ. ಜಪಾನಿನ ಚಿತ್ರಕಥೆಯ ಚೌಕಗಳು ಮಾಡುವ ಕೆಲಸವೂ ಇಂತಹುದೇ.

ಆ ದೇಶದಲ್ಲಿ ಚಿತ್ರಕಥೆಗೆ 'ಮಂಗಾ' ಎಂದು ಹೆಸರು. 1957ರಲ್ಲಿ ತಾತ್ಸುಮಿ ಯೋಶಿಹಿರೋ ಎಂಬ ಚಿತ್ರಗಾರನು, ಮಕ್ಕಳ ವಿನೋದಕ್ಕಿಂತ ಭಿನ್ನವಾದ ತನ್ನ ಗಂಭೀರ ಕಥೆಗಳಿಗೆ 'ಗೆಕಿಗಾ' ಎಂಬ ಬೇರೆ ಹೆಸರನ್ನಿಟ್ಟನು. ಪ್ರೌಢರಿಗಾಗಿಯೇ ಪತ್ರಿಕೆಗಳು ಬೆಳೆದುದು ಆ ಬಳಿಕ. ಬಿಡದಿಯಲ್ಲಿ ಜಪಾನೀ ಮೋಟಾರು ಕಾರ್ಖಾನೆಯು ಉತ್ಪಾದನೆಗೆ ತೊಡಗಿದ 1999ನೆಯ ಇಸವಿಯಲ್ಲಿಯೇ, ಅತ್ತ ಉರಸಾವಾ ನಾವೋಕಿ ಎಂಬ ಚಿತ್ರಗಾರನು 'ಇಪ್ಪತ್ತನೆಯ ಶತಮಾನದ ಹುಡುಗರು' ಎಂಬರ್ಥದ ಹೆಸರುಳ್ಳ ದೀರ್ಘಕಥೆಯನ್ನು ವಾರಪತ್ರಿಕೆಯೊಂದರಲ್ಲಿ ಆರಂಭಿಸಿದನು.

1969ರ ಬೇಸಗೆಯಲ್ಲಿ ಕೆಲವು ಹುಡುಗರು ಬಯಲಿನಲ್ಲಿ ಹುಲ್ಲಿನ ಗೂಡು ಕಟ್ಟಿ, ಒಂದು ಗುರುತನ್ನು ಬರೆದು, ಲೋಕವನ್ನು ನಾಶಮಾಡಬರುವ ದುಷ್ಟರ ಕಥೆಯನ್ನು ಹೆಣೆಯುತ್ತಾರೆ. ವರ್ಷಗಳು ಕಳೆದು ಅವರಲ್ಲೊಬ್ಬನಾದ ಕೆಂಜಿಯು ಸಾಮಾನ್ಯ ಅಂಗಡಿಯವನಾಗಿದ್ದಾನೆ. ಉಪಾಧ್ಯಾಯನಾಗಿದ್ದ ಗೆಳೆಯನೊಬ್ಬನು ಮೃತನಾಗುತ್ತಾನೆ. ಈ ಗುರುತು ನೆನಪಿದೆಯೇ ಎಂದು ಕೇಳುವ ಅವನ ಪತ್ರವು ಕೆಂಜಿಯ ಕೈಸೇರುತ್ತದೆ. ಆ ಗುರುತನ್ನೇ ಧ್ವಜವಾಗಿಸಿಕೊಂಡು, 'ಗೆಳೆಯ' ಎಂದು ಕರೆಯಿಸಿಕೊಳ್ಳುವ ಮುಸುಕಿನ ಮನುಷ್ಯನೊಬ್ಬನು ಮತವೊಂದನ್ನು ಕಟ್ಟಿ, ಬಾಲಕರ ಕಲ್ಪನೆಯನ್ನು ಅಕ್ಷರಶಃ ನಡೆಸತೊಡಗುತ್ತಾನೆ. ಹಳೆಯ ಸಂಗಡಿಗರಲ್ಲಿ ಆ ಗೆಳೆಯನು ಯಾರು? ಪ್ರತಿಯೊಬ್ಬನ ಮುಖವನ್ನೂ ಸಂಶಯದಿಂದ ನೋಡಬೇಕಾಗುವುದೇ ಕಥೆಯ ನಿಜವಾದ ಭೀತಿ. ಕೊನೆಗೆ, ಕೆಂಜಿಯು ಅಂಗಡಿಯಿಂದ ಕದ್ದ ಒಂದು ಬಿಲ್ಲೆಗಾಗಿ ಬೇರೊಬ್ಬ ಹುಡುಗನು ಕಳ್ಳನೆನಿಸಿಕೊಂಡಿದ್ದನೆಂಬುದು ಹೊರಬೀಳುತ್ತದೆ.

ಈ ಭೀತಿಗೆ ಚರಿತ್ರೆಯ ಆಧಾರವೂ ಉಂಟು. ಯುದ್ಧಾನಂತರದ ಜಪಾನು ಬಹು ವೇಗದಿಂದ ಸಿರಿವಂತವಾಯಿತು. 1970ರ ಓಸಾಕಾ ವಸ್ತುಪ್ರದರ್ಶನವನ್ನು 6 ಕೋಟಿಗೂ ಮಿಕ್ಕ ಜನ ನೋಡಿದರು. ಅಂದು ಭವಿಷ್ಯವೆಲ್ಲ ಬೆಳಕೆಂದು ನಂಬಿದ ಪೀಳಿಗೆಯವರು ನಡುವಯಸ್ಸಿಗೆ ಬರುವ ಹೊತ್ತಿಗೆ, 1995ರ ಮಾರ್ಚಿಯಲ್ಲಿ ಓಮ್ ಶಿನ್ರಿಕ್ಯೋ ಪಂಥದವರು ಟೋಕಿಯೋವಿನ ಸುರಂಗ ರೈಲುಗಳಲ್ಲಿ ವಿಷಾನಿಲವನ್ನು ಹರಡಿದರು. ಅಂತಹ ಕೃತ್ಯಕ್ಕೆ ಕೈಹಾಕಿದವರಲ್ಲಿ ಉನ್ನತ ವಿದ್ಯೆ ಪಡೆದವರೂ ಇದ್ದರು. ಯಾರದೋ ತರಗತಿಯಲ್ಲಿ ಪಕ್ಕದ ಮಣೆಯ ಮೇಲೆ ಕುಳಿತಿದ್ದವನೇ ಇವನೆಂಬ ಅರಿವು ಆ ಸಮಾಜವನ್ನು ಕಲಕಿತು.

ದ್ರುಪದನೂ ಕೆಂಜಿಯೂ ಬೇರೆ ಬೇರೆ ಸ್ವಭಾವದವರು. ಮೊದಲಿನವನು ಗರ್ವದಿಂದ ಮರೆತವನು. ಎರಡನೆಯವನು ಅಲಕ್ಷ್ಯದಿಂದ ಮರೆತವನು. ಆದರೆ ಮರೆಯಲ್ಪಟ್ಟವನ ಪಾಲಿಗೆ ಈ ಭೇದವು ದೊಡ್ಡದಲ್ಲ. ಒಬ್ಬನ ಪಾಲಿಗೆ ಆಟವಾಗಿದ್ದುದು ಮತ್ತೊಬ್ಬನ ಪಾಲಿಗೆ ಗಾಯವಾಗಿ ಉಳಿದಿರುತ್ತದೆ. ಪುನಸ್ಸಮಾಗಮದ ಅಳುಕಿಗೆ ಮೂಲವು ಇದೇ.

ಇದಕ್ಕೆ ಪರಿಹಾರವೇನೆಂಬುದನ್ನು ಭಾಗವತದ ಕುಚೇಲೋಪಾಖ್ಯಾನವು ಸೂಚಿಸುತ್ತದೆ. ಹರಕು ಬಟ್ಟೆಯ ಕುಚೇಲನು ದ್ವಾರಕೆಗೆ ಹೋದಾಗ, ಸಾಂದೀಪನಿಯ ಆಶ್ರಮದಲ್ಲಿ ಸೌದೆಗೆ ಹೋಗಿ ಮಳೆಯಲ್ಲಿ ಸಿಕ್ಕಿಕೊಂಡ ಇರುಳನ್ನು ನೆನಪಿಗೆ ತರುವವನು ಅವನಲ್ಲ, ಅರಸನಾದ ಶ್ರೀಕೃಷ್ಣನೇ. ಮೇಲಿರುವವನು ತಾನಾಗಿ ನೆನೆದುದರಿಂದ ಕೆಳಗಿರುವವನ ಸಂಕೋಚವು ಕರಗಿತು. ಕೆಂಜಿಯೂ ಕಡೆಯಲ್ಲಿ ತನ್ನ ಕಳವನ್ನು ತಾನೇ ಒಪ್ಪಿಕೊಳ್ಳುತ್ತಾನೆ; ಆದರೆ ಅಷ್ಟರಲ್ಲಿ ಬಹಳ ತಡವಾಗಿರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಶಾಲೆಗಳಲ್ಲಿ ಒಡನೋದಿದವರಲ್ಲಿ ಅನೇಕರು ಇಂದು ಬೆಂಗಳೂರಿನ ಪಾಲಾಗಿದ್ದಾರೆ. ಊರಿನಲ್ಲಿಯೇ ರೇಷ್ಮೆಯನ್ನೂ ರಾಗಿಯನ್ನೂ ನಂಬಿ ಉಳಿದವರೂ ಇದ್ದಾರೆ. ಹಳೆಯ ವಿದ್ಯಾರ್ಥಿಗಳ ಸಮ್ಮಿಲನಗಳಲ್ಲಿ ಇವರು ಮತ್ತೆ ಒಂದೆಡೆ ಸೇರುವಾಗ, ಹಾರತುರಾಯಿಗಳಿಗಿಂತ ಮುಖ್ಯವಾದುದು ಯಾರು ಯಾರನ್ನು ಮೊದಲು ಹೆಸರುಹಿಡಿದು ಕರೆಯುವರೆಂಬುದು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲಿನ ನವನೀತಕೃಷ್ಣನು ಎಂದೆಂದಿಗೂ ಶಿಶುವಾಗಿಯೇ ಉಳಿದಿದ್ದಾನೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಅವರು ಬೆಳೆಯಲೇಬೇಕು, ಬೆಳೆದ ಮೇಲೂ ನೆನೆಯುವುದೊಂದೇ ಅವರ ಕೈಯಲ್ಲಿರತಕ್ಕದ್ದು.