ವೀರ್ಮಾನಿ, ಶಬನಂ

ಸಾಕ್ಷ್ಯಚಿತ್ರ ನಿರ್ದೇಶಕಿ, ಗಾಯಕಿ. ಅಹಮದಾಬಾದಿನ ದೃಷ್ಟಿ ಮಾಧ್ಯಮ ಸಂಸ್ಥೆಯ ಸ್ಥಾಪಕರಲ್ಲೊಬ್ಬರು. ಆರಂಭದ ಕೆಲಸ ಮಹಿಳಾ ಹೋರಾಟಗಳ ಸುತ್ತ. ನೆಲ್ಲೂರು ಜಿಲ್ಲೆಯ ಹೆಂಗಸರ ಸಾರಾಯಿ ವಿರೋಧಿ ಚಳವಳಿಯನ್ನು ಚಿತ್ರಿಸಿದ್ದು ಈ ಅವಧಿಯಲ್ಲೇ.

2002ರ ಗುಜರಾತ್ ಹಿಂಸಾಚಾರ ಅವರನ್ನು ಸಂತಕವಿ ಕಬೀರನತ್ತ ತಿರುಗಿಸಿತು. ಮರುವರ್ಷ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ಆಶ್ರಯದಲ್ಲಿ ಕಬೀರ್ ಯೋಜನೆ ಶುರುವಾಯಿತು. ಅದರ ಫಲವಾಗಿ ಬಂದ ನಾಲ್ಕು ಚಿತ್ರಗಳಲ್ಲಿ 'ಹದ್-ಅನ್‌ಹದ್' ಅಯೋಧ್ಯೆಯಿಂದ ಪಾಕಿಸ್ತಾನದವರೆಗೆ ಕಬೀರನ ರಾಮನನ್ನು ಹುಡುಕುತ್ತದೆ. ಕರಾಚಿಯ ಕವ್ವಾಲಿ ಗಾಯಕ ಫರೀದ್ ಅಯಾಜ್ ಇದರಲ್ಲಿದ್ದಾರೆ. 'ಚಲೋ ಹಮಾರಾ ದೇಸ್' ಮಾಳವದ ದಲಿತ ಗಾಯಕ ಪ್ರಹ್ಲಾದ ಸಿಂಗ್ ಟಿಪಾನಿಯಾ ಮತ್ತು ಅಮೆರಿಕದ ವಿದ್ವಾಂಸೆ ಲಿಂಡಾ ಹೆಸ್ ಅವರ ಸ್ನೇಹದ ಕಥೆ. 'ಕೋಯಿ ಸುನತಾ ಹೈ' ಕನ್ನಡಿಗರಿಗೆ ಹತ್ತಿರದ್ದು: ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರ ಕಬೀರ ಗಾಯನವೇ ಅದರ ಕೇಂದ್ರ.

ನಾಲ್ಕರಲ್ಲಿ ಹೆಚ್ಚು ಕಾಡುವುದು 'ಕಬೀರಾ ಖಡಾ ಬಜಾರ್ ಮೇಂ'. ಆಚರಣೆಗಳನ್ನು ಪ್ರಶ್ನಿಸಿದ ಕಬೀರನನ್ನು ಹಾಡುವ ಟಿಪಾನಿಯಾ ಚಿತ್ರದಲ್ಲಿ ಕಬೀರಪಂಥದ ಮಹಂತರಾಗಿ, ತೆಂಗಿನಕಾಯಿ ಒಡೆಯುವ ಚೌಕಾ ಆರತಿ ಎಂಬ ಆಚರಣೆಯನ್ನೂ ನಡೆಸುತ್ತಾರೆ. ಗೆಳೆಯರು ಮುಖಕ್ಕೇ ಆಕ್ಷೇಪಿಸುತ್ತಾರೆ, ಅವರು ಉತ್ತರಿಸುತ್ತಾರೆ. ಕ್ಯಾಮೆರಾ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ನಂಬಿಕೆಯನ್ನು ಒಬ್ಬ ಮನುಷ್ಯನ ಬದುಕಿನೊಳಗಿನ ತೊಳಲಾಟವಾಗಿ ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಭಾರತೀಯ ಸಾಕ್ಷ್ಯಚಿತ್ರಗಳು ವಿರಳ.

ಚಿತ್ರೀಕರಣದ ಒಡನಾಟದಲ್ಲೇ ವೀರ್ಮಾನಿ ಮಾಳವದ ಐದು ತಂತಿಯ ತಂಬೂರಾ ಹಿಡಿದು ಹಾಡಲು ಕಲಿತರು. ಸಂಗ್ರಹಿಸಿದ ಹಾಡು, ಮಾತುಗಳು 'ಅಜಬ್ ಶಹರ್' ಎಂಬ ಅಂತರ್ಜಾಲ ಭಂಡಾರದಲ್ಲಿವೆ.