ಗುಡ್ಡದ ಮರೆಗೆ ಸಿಗ್ನಲ್: ಪ್ಯಾಸಿವ್ ರಿಪೀಟರ್ ಲೆಕ್ಕ ಬೆಳೆದು ಬಂದ ದಾರಿ

ಪ್ಯಾಸಿವ್ ರಿಪೀಟರ್ ಎಂದರೆ ಕರೆಂಟು ಬೇಡದ ರಿಪೀಟರ್. ಗುಡ್ಡದ ಮೇಲೆ ನಿಲ್ಲಿಸಿದ ಲೋಹದ ಹಲಗೆ ರೇಡಿಯೋ ಅಲೆಯನ್ನು ಮರೆಯಲ್ಲಿರುವ ಊರಿನತ್ತ ತಿರುಗಿಸುತ್ತದೆ. ಇಲ್ಲವೇ ಬೆನ್ನಿಗೆ ಬೆನ್ನು ಹಚ್ಚಿ ಕೇಬಲ್ ಜೋಡಿಸಿದ ಎರಡು ಡಿಶ್‌ಗಳಲ್ಲಿ ಒಂದು ಹಿಡಿದದ್ದನ್ನು ಇನ್ನೊಂದು ಮುಂದಕ್ಕೆ ಕಳಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಈ ಸಾಧನ ಹೇಳಿ ಮಾಡಿಸಿದಂತೆ ಕಾಣುತ್ತದೆ. ಕೃಷ್ಣಾ, ಘಟಪ್ರಭಾ ನದಿಗಳ ಬಯಲು, ನಡುನಡುವೆ ಕಲಾದಗಿ ಶಿಲಾಸ್ತರದ ಗುಡ್ಡಸಾಲು, ಕಬ್ಬಿನ ಹೊಲಗಳ ನಡುವೆ ಊರಿಂದ ದೂರ ಉಳಿದ ತೋಟದ ವಸ್ತಿಗಳು. ಆದರೆ ಆಚೆ ಬದಿಗೆ ಎಷ್ಟು ಸಿಗ್ನಲ್ ಉಳಿಯುತ್ತದೆ ಎಂಬ ಲೆಕ್ಕ ಮಾಡದೆ ಹಲಗೆ ನಿಲ್ಲಿಸುವುದು ದುಡ್ಡು ಕಳೆಯುವ ದಾರಿ. ಈ ಲೆಕ್ಕದ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟ: ರಿಪೀಟರ್ ಅನ್ನು ಕನ್ನಡಿ ಎಂದು ನಂಬುವ ತಪ್ಪನ್ನು ತಿದ್ದಿಕೊಳ್ಳುತ್ತಲೇ ಈ ಶಾಸ್ತ್ರ ಬೆಳೆದಿದೆ.

ಆ ನಂಬಿಕೆಗೆ ಆಧಾರವೇನೋ ಇತ್ತು. 1888ರಲ್ಲಿ ಹೈನ್ರಿಖ್ ಹರ್ಟ್ಸ್ ಸತುವಿನ ತಗಡಿನಿಂದ ಅಲೆಗಳನ್ನು ಹಿಂದಿರುಗಿಸಿ, ಅವು ಬೆಳಕಿನಂತೆಯೇ ವರ್ತಿಸುತ್ತವೆಂದು ತೋರಿಸಿದ್ದ. ಬೆಳಕಿನ ನಿಯಮವನ್ನೇ ಹಿಡಿದರೆ, ಕನ್ನಡಿಗೆ ಬರುವ ದೂರ ಮತ್ತು ಅಲ್ಲಿಂದ ಹೋಗುವ ದೂರ ಎರಡನ್ನೂ ಕೂಡಿಸಿ, ಅಷ್ಟು ಉದ್ದದ ನೇರ ದಾರಿಯಲ್ಲಿ ಆಗುವಷ್ಟೇ ನಷ್ಟ ಎನ್ನಬೇಕು. ಆದರೆ ಬೆಳಕಿನ ತರಂಗಾಂತರದ ಮುಂದೆ ಮನೆಯ ಕನ್ನಡಿ ಲಕ್ಷಾಂತರ ಪಟ್ಟು ದೊಡ್ಡದು. ಐದು ಸೆಂಟಿಮೀಟರ್ ತರಂಗಾಂತರದ ವೈ-ಫೈ ಅಲೆಗೆ ನಾಲ್ಕು ಮೀಟರ್ ಹಲಗೆ ಎಂಬತ್ತು ಪಟ್ಟು ಮಾತ್ರ. ಅಷ್ಟು ಚಿಕ್ಕ ಹಲಗೆ ದೂರದಿಂದ ಕನ್ನಡಿಯಾಗಿ ಉಳಿಯದೆ, ತಾನೇ ಹೊಸದಾಗಿ ಅಲೆ ಹರಡುವ ಆ್ಯಂಟೆನಾ ಆಗುತ್ತದೆ.

ಈ ತಿದ್ದುಪಡಿಗೆ ಗಣಿತ ಒದಗಿಸಿದ್ದು ಬೆಲ್ ಪ್ರಯೋಗಾಲಯದ ಹೆರಾಲ್ಡ್ ಫ್ರಿಸ್ 1946ರಲ್ಲಿ ಪ್ರಕಟಿಸಿದ ಸೂತ್ರ. ಕಳಿಸಿದ ಶಕ್ತಿ, ಎರಡು ತುದಿಯ ಆ್ಯಂಟೆನಾಗಳ ಗೇನ್ (ಒಂದೇ ದಿಕ್ಕಿಗೆ ಶಕ್ತಿ ಒಗ್ಗೂಡಿಸುವ ಪ್ರಮಾಣ), ತರಂಗಾಂತರ, ದೂರ ಇಷ್ಟು ಗೊತ್ತಿದ್ದರೆ ತಲುಪುವ ಶಕ್ತಿಯನ್ನು ಹೇಳಬಹುದು. ದೂರ ದುಪ್ಪಟ್ಟಾದರೆ ಶಕ್ತಿ ಕಾಲುಭಾಗ. ರಿಪೀಟರ್ ನಡುವೆ ಬಂದಾಗ ಈ ಸೂತ್ರವನ್ನು ಎರಡು ಸಲ ಹಾಕಬೇಕಾಗುವುದರಿಂದ ದೂರಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ರೇಡಾರ್ ಸೂತ್ರದಲ್ಲಿಯೂ ಇದೇ ಗುಣಾಕಾರವಿದೆ. ಸಮಾಧಾನವೆಂದರೆ ಹಲಗೆ ಒಮ್ಮೆ ಹಿಡಿಯುವುದಕ್ಕೆ, ಒಮ್ಮೆ ಕಳಿಸುವುದಕ್ಕೆ ಎರಡು ಸಲ ದುಡಿಯುತ್ತದೆ. ವಿಸ್ತೀರ್ಣ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಅಂದರೆ 6 ಡೆಸಿಬೆಲ್ ಹೆಚ್ಚುತ್ತದೆ. 1950ರ ದಶಕದಲ್ಲಿ ಮೈಕ್ರೋವೇವ್ ಕೊಂಡಿಗಳು ಹಬ್ಬಿದಾಗ ಡಿಶ್ ಮತ್ತು ಹಲಗೆ ಹತ್ತಿರವಿದ್ದಾಗ ಬೇಕಾಗುವ ತಿದ್ದುಪಡಿಯನ್ನೂ ಲೆಕ್ಕ ಹಾಕಲಾಯಿತು. ಅಮೆರಿಕದ ಮೈಕ್ರೋಫ್ಲೆಕ್ಟ್ ಕಂಪನಿ ದೊಡ್ಡ ಹಲಗೆಗಳನ್ನು ತಯಾರಿಸಿದ್ದಲ್ಲದೆ ಅವುಗಳ ಲೆಕ್ಕದ ಕೈಪಿಡಿಯನ್ನೂ ಕೊಟ್ಟಿತು. ಅದೇ ದಶಕದಲ್ಲಿ, 1953ರಲ್ಲಿ ಮಿಷಿಗನ್‌ನಿಂದ ಡಾಕ್ಟರೇಟ್ ಪಡೆದು ಬಂದ ರಾಜೇಶ್ವರಿ ಚಟರ್ಜಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆ್ಯಂಟೆನಾ ಸಂಶೋಧನೆಗೆ ತಳಪಾಯ ಹಾಕಿದರು.

ಸೂತ್ರಗಳ ಬೆಲೆ ತಿಳಿಯಲು ನಮ್ಮ ನೆಲದ ಅಳತೆಯ ಒಂದು ಕಲ್ಪಿತ ಲೆಕ್ಕ ಸಾಕು. 5.8 ಗಿಗಾಹರ್ಟ್ಸ್ ಪಟ್ಟಿ ಭಾರತದಲ್ಲಿ 2018ರಿಂದ ಲೈಸೆನ್ಸ್ ಇಲ್ಲದೆ ಬಳಸಲು ಮುಕ್ತವಾಗಿದೆ. ಅಲ್ಲಿ ಹೊರಸೂಸುವ ಶಕ್ತಿಯ ಮಿತಿ 36 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ಸಿಗ್ನಲ್ ಕ್ಷೀಣ). ಪಟ್ಟಣದಿಂದ ಪಕ್ಕದ ಗುಡ್ಡಕ್ಕೆ ಒಂಬತ್ತೂವರೆ ಕಿಲೋಮೀಟರ್, ಗುಡ್ಡದಿಂದ ವಸ್ತಿಗೆ ಅರ್ಧ ಕಿಲೋಮೀಟರ್, ವಸ್ತಿಯಲ್ಲಿ 23 ಡೆಸಿಬೆಲ್ ಗೇನ್ ಇರುವ ಆ್ಯಂಟೆನಾ ಎಂದುಕೊಳ್ಳೋಣ. ಕನ್ನಡಿಯ ಲೆಕ್ಕದ ಪ್ರಕಾರ ವಸ್ತಿಗೆ −69 ಡಿಬಿಎಂ ಬರಬೇಕು, ಭರ್ಜರಿ ಸಿಗ್ನಲ್. ಗುಡ್ಡದ ಮೇಲೆ 30 ಡೆಸಿಬೆಲ್‌ನ ಎರಡು ಡಿಶ್ ಬೆನ್ನಿಗೆ ಬೆನ್ನು ಹಚ್ಚಿದರೆ ನಿಜಕ್ಕೂ ಸಿಗುವುದು −110. ಸಾಮಾನ್ಯ ರಿಸೀವರ್‌ನ ಗದ್ದಲದ ಮಟ್ಟವೇ −95ರ ಆಸುಪಾಸು ಇರುವಾಗ ಇದು ಸೊನ್ನೆಗೆ ಸಮ. ಅದೇ ಜಾಗದಲ್ಲಿ ಮೂರು ಮೀಟರ್‌ಗೆ ನಾಲ್ಕು ಮೀಟರ್ ಹಲಗೆಯನ್ನು 45 ಡಿಗ್ರಿಯಲ್ಲಿ ನಿಲ್ಲಿಸಿದರೆ −78 ಬರುತ್ತದೆ, ಇಂಟರ್ನೆಟ್ ನಡೆಯುತ್ತದೆ. ನಡುವೆ ಐವತ್ತು ಮೀಟರ್ ಎತ್ತರದ ಚೂಪು ದಿಣ್ಣೆಯೊಂದು ಅಡ್ಡವಿದ್ದರೂ ಅದರ ಅಂಚಿಗೆ ಬಾಗಿ ತಾನಾಗಿ ದಾಟುವ ಅಲೆ ಸುಮಾರು −104 ಇರುತ್ತದೆ. ಅಂದರೆ ಡಿಶ್‌ಗಳ ಜೋಡಿ ಏನೂ ಮಾಡದೆ ಸುಮ್ಮನಿರುವುದಕ್ಕಿಂತ ಕೆಳಗೆ! ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ರಿಪೀಟರ್ ಅನ್ನು ದಾರಿಯ ನಟ್ಟನಡುವೆ, ಐದು-ಐದು ಕಿಲೋಮೀಟರ್‌ಗೆ ಇಟ್ಟರೆ ಗುಣಾಕಾರ ದೊಡ್ಡದಾಗಿ ಇನ್ನೂ 14 ಡೆಸಿಬೆಲ್ ಹೋಗುತ್ತದೆ. ಒಂದು ತುದಿಗೆ ಹತ್ತಿರವಿರಬೇಕು, ಹರವು ದೊಡ್ಡದಿರಬೇಕು: ಈ ಎರಡರ ಮುಂದೆ ಉಳಿದದ್ದೆಲ್ಲ ಸಣ್ಣದು.

ಬನಹಟ್ಟಿಯ ತಗಡಿನ ಮಗ್ಗದ ಶೆಡ್ಡಿಗೂ, ದಪ್ಪ ಮಣ್ಣುಗೋಡೆಯ ಹಳೆಯ ಮನೆಗೂ ಇದೇ ತರ್ಕ ಅನ್ವಯಿಸುತ್ತದೆ. ಛಾವಣಿಯ ಮೇಲೊಂದು, ಒಳಗೊಂದು ಆ್ಯಂಟೆನಾ ಇಟ್ಟು ಕೇಬಲ್ ಜೋಡಿಸಿದರೆ, 900 ಮೆಗಾಹರ್ಟ್ಸ್‌ನಲ್ಲಿ ಹೊರಗೆ −60 ಇರುವಾಗ ಮೂರು ಮೀಟರ್ ದೂರದ ಫೋನಿಗೆ −87ರ ಸುಮಾರು ಸಿಗುತ್ತದೆ. ಮಾತಾಡಲು ಅಡ್ಡಿಯಿಲ್ಲ. ಹೊರಗೇ −90 ಇದ್ದರೆ ಒಳಗೆ −117, ಉಪಯೋಗವಿಲ್ಲ. ಗೋಡೆ ತಡೆದದ್ದನ್ನು ಪ್ಯಾಸಿವ್ ಸಾಧನ ಒಳಗೆ ತರಬಲ್ಲದು. ಟವರ್ ದೂರವಾಗಿ ಹೊರಗೂ ಇಲ್ಲದ್ದನ್ನು ಹುಟ್ಟಿಸಲಾರದು.

ಇಷ್ಟಾದರೂ ಆಕ್ಷೇಪಗಳಿವೆ. ಇದೆಲ್ಲ ಖಾಲಿ ಆಕಾಶದ ಲೆಕ್ಕ. ಕಬ್ಬಿನ ಎಲೆ, ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಿಂದ ಪುಟಿಯುವ ಅಲೆ, ಗಾಳಿ ಇವೆಲ್ಲ ಅದನ್ನು ಕೆಡಿಸುತ್ತವೆ ಎನ್ನುತ್ತಾರೆ. ನಿಜವೇ. ನಾಲ್ಕು ಮೀಟರ್ ಹಲಗೆಯ ಕಿರಣದ ಅಗಲ ಸುಮಾರು ಒಂದು ಡಿಗ್ರಿ. ಹಲಗೆ ಅರ್ಧ ಡಿಗ್ರಿ ತಿರುಗಿದರೆ ಕಿರಣ ಪೂರ್ತಿ ಒಂದು ಡಿಗ್ರಿ ಸರಿಯುತ್ತದೆ. ಆದರೆ ಈ ಅಡ್ಡಿಗಳಲ್ಲಿ ಹೆಚ್ಚಿನವು ಸಿಗ್ನಲ್ಲನ್ನು ಕಡಿಮೆ ಮಾಡುವಂಥವೇ. ಖಾಲಿ ಆಕಾಶದಲ್ಲೇ ಸೋತ ಯೋಜನೆಯನ್ನು ಕಬ್ಬಿನ ಗದ್ದೆ ಗೆಲ್ಲಿಸಲಾರದು; ಗೆದ್ದ ಯೋಜನೆಗೆ ಹತ್ತು-ಹದಿನೈದು ಡೆಸಿಬೆಲ್ ಉಳಿಕೆ ಬೇಕೆಂದು ಈ ಆಕ್ಷೇಪ ಹೇಳುತ್ತದೆ, ಅಷ್ಟೆ. ನಮ್ಮ −78ಕ್ಕೆ ಆ ಉಳಿಕೆ ತೀರ ಬಿಗಿ ಎಂದು ಒಪ್ಪಬೇಕು. ಅಂಥಲ್ಲಿ ಹಲಗೆಯನ್ನು ಹಿಗ್ಗಿಸಬೇಕು, ಇಲ್ಲವೇ ಆಸೆ ಬಿಡಬೇಕು.

ಎರಡನೆಯ ಆಕ್ಷೇಪ ಹೊಸ ಕಾಲದ್ದು. 2019ರಿಂದೀಚೆಗೆ ಜಗತ್ತಿನ ಪ್ರಯೋಗಾಲಯಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂಡ, ಬುದ್ಧಿವಂತ ಪ್ರತಿಫಲಕಗಳ ಅಧ್ಯಯನ ಭರದಿಂದ ಸಾಗಿದೆ. ನೂರಾರು ಸಣ್ಣ ಬಿಲ್ಲೆಗಳಿರುವ ಈ ಹಲಗೆ ಅಲೆಯ ದಿಕ್ಕನ್ನು ಎಲೆಕ್ಟ್ರಾನಿಕ್ ಆಗಿ ತಿರುಗಿಸುತ್ತದೆ. ಬಿಲ್ಲೆಗಳ ಸಂಖ್ಯೆಯ ವರ್ಗದಷ್ಟು ಶಕ್ತಿ ಹೆಚ್ಚುತ್ತದೆ ಎಂಬ ಮಾತು ಕೇಳಿ, ಹಳೆಯ ಲೆಕ್ಕದ ಕಾಲ ಮುಗಿಯಿತೆಂದು ಕೆಲವರು ಬಗೆದರು. ಆದರೆ ಅದು ವಿಸ್ತೀರ್ಣದ ವರ್ಗವೆಂಬ ಹಳೆಯ ನಿಯಮವೇ. 2020ರ ಹೊತ್ತಿಗೆ ಪ್ರಕಟವಾದ ವಿಶ್ಲೇಷಣೆಗಳೂ ನಂತರದ ಅಳತೆಗಳೂ ದೂರದಲ್ಲಿ ನಷ್ಟ ಗುಣಾಕಾರದಂತೆಯೇ ಇದೆಯೆಂದು ತೋರಿಸಿದವು. ದೂರದ ಕೊಂಡಿಯಲ್ಲಿ ಇಂಥ ಹಲಗೆ, ಅಷ್ಟೇ ಹರವಿನ, ಸರಿಯಾದ ಕೋನದಲ್ಲಿ ನಿಂತ ತಗಡನ್ನು ಮೀರಿಸಲಾರದು. ಚಲಿಸುವ ಫೋನನ್ನು ಹಿಂಬಾಲಿಸುವುದು ಅದರ ನಿಜವಾದ ಹೆಚ್ಚುಗಾರಿಕೆ.

ಫೈಬರ್ ಬಂದ ಮೇಲೆ ಇದೆಲ್ಲ ಏಕೆ ಎಂಬುದು ಕೊನೆಯ ಪ್ರಶ್ನೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯ ಮೂಲ ಗುರಿ ಗ್ರಾಮ ಪಂಚಾಯಿತಿ. ಅಲ್ಲಿಂದ ತೋಟದ ವಸ್ತಿಗೆ ಉಳಿಯುವ ದಾರಿ ಇನ್ನೂ ಬಾಕಿ. ಕರೆಂಟಿಲ್ಲದ ದಿಬ್ಬ, ಹತ್ತಿರದ ವಸ್ತಿ, ಎರಡೂ ಕಡೆ ನೇರ ನೋಟ, ಈ ಮೂರೂ ಸೇರುವಲ್ಲಿ ಹಲಗೆಗೆ ಈಗಲೂ ಕೆಲಸವಿದೆ. ಅಂಥ ಜಾಗಗಳು ಕಡಿಮೆ. ಕಂಬ ನೆಡುವ ಮೊದಲೇ ಹತ್ತರಲ್ಲಿ ಎಂಟು ಜಾಗಗಳಿಗೆ ಬೇಡವೆಂದು ಹೇಳಿಸಿದರೂ ಈ ಶಾಸ್ತ್ರ ತನ್ನ ಖರ್ಚು ತೀರಿಸಿದಂತೆ. ಉಳಿದೆರಡರಲ್ಲಿ ಬ್ಯಾಟರಿ, ಸೋಲಾರ್, ದುರಸ್ತಿ ಯಾವುದೂ ಬೇಡದ ಕೊಂಡಿಯೊಂದು ಸಿಕ್ಕರೆ ಅದು ಲಾಭ.