ವಾಲ್ವ್ ಮತ್ತು ಅಂಕಿ: ಒಂದು ಹಳೆಯ ನಂಟು



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ದಿವಂಗತರಾದ ತಾಯಿಯವರು ಹಾಡಿದ್ದ ದೇವರನಾಮಗಳ ಕ್ಯಾಸೆಟ್ಟುಗಳನ್ನು ಅವನು ಡಿಜಿಟಲ್ ರೂಪಕ್ಕೆ ತಂದಿದ್ದಾನೆ. "ಅಮ್ಮನ ಧ್ವನಿ ಮಂಕಾಗಿದೆ ಸಾರ್. ವಾಲ್ವ್ ಇರುವ ಡಿಜಿಟಲ್ ಪರಿವರ್ತಕ ಕೊಂಡರೆ ಮೊದಲಿನಂತೆ ಕೇಳಿಸೀತೇ?" ಎಂಬುದು ಅವನ ಪ್ರಶ್ನೆ. ಉತ್ತರಕ್ಕೆ ಮುನ್ನ ಇತಿಹಾಸಕ್ಕೆ ಇಳಿಯುವುದು ಮೇಷ್ಟರುಗಳ ಹಳೆಯ ಚಾಳಿ, ಸಹಿಸಿಕೊಳ್ಳಿ.

ಲಂಡನ್ನಿನ ಪ್ರಾಧ್ಯಾಪಕ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಮೊದಲ ನಿರ್ವಾತ ನಳಿಕೆಯನ್ನು ರೂಪಿಸಿದರು. ನೀರಿನ ಕವಾಟದಂತೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತಿದ್ದುದರಿಂದ ಅದಕ್ಕೆ 'ವಾಲ್ವ್' ಎಂಬ ಹೆಸರು ಬಂತು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಮೂರನೆಯ ವಿದ್ಯುದ್ವಾರವನ್ನಿಟ್ಟರು. ಮುಂದೆ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಶಕ್ತಿ ನಳಿಕೆಗೆ ಬಂದದ್ದು ಇದರಿಂದಲೇ. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಿಂದ ಆರಂಭಿಸಿದ 'ಆಕಾಶವಾಣಿ'ಯ ಕಾಲವೂ ವಾಲ್ವ್‌ಗಳ ಕಾಲವೇ.

ಡಿಜಿಟಲ್ ಧ್ವನಿ ಹುಟ್ಟಿದ್ದು ಕೂಡ ಅದೇ ಕಾಲದಲ್ಲಿ ಎಂಬುದು ಅನೇಕರಿಗೆ ಅಚ್ಚರಿ ತಂದೀತು. ಧ್ವನಿಯನ್ನು ಕ್ಷಣಕ್ಷಣಕ್ಕೆ ಅಳೆದು ಅಂಕಿಗಳಾಗಿ ಕಳುಹಿಸುವ ವಿಧಾನವನ್ನು ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್ ಪ್ಯಾರಿಸ್ಸಿನಲ್ಲಿ 1937ರಲ್ಲಿ ಕಲ್ಪಿಸಿದರು. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ವಾಷಿಂಗ್ಟನ್ ಮತ್ತು ಲಂಡನ್ ನಡುವಿನ ಗುಪ್ತ ಸಂಭಾಷಣೆಗಾಗಿ 'ಸಿಗ್ಸಾಲಿ' ಎಂಬ ಯಂತ್ರ ಬಳಕೆಗೆ ಬಂತು. ಮಾತನ್ನು ಅಂಕಿಗಳಾಗಿಸುತ್ತಿದ್ದ ಆ ವಾಲ್ವ್ ಯಂತ್ರದ ತೂಕ ಸುಮಾರು 50 ಟನ್! 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಬಳಿಕವೇ ರೀವ್ಸ್ ಕನಸು ಮನೆಮನೆಗೆ ಬರುವ ದಾರಿ ತೆರೆಯಿತು. 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಾಗಿ ಬರೆದಿಡುತ್ತದೆ.

ಇಂದಿನ 'ವಾಲ್ವ್ ಡಿಜಿಟಲ್' ಉಪಕರಣಗಳಲ್ಲಿ ಅಂಕಿಗಳನ್ನು ಧ್ವನಿಸಂಕೇತವಾಗಿಸುವುದು ಸಾಮಾನ್ಯವಾಗಿ ಚಿಪ್ಪೇ ಹೊರತು ನಳಿಕೆಯಲ್ಲ. ಪರಿವರ್ತನೆ ಮುಗಿದ ಮೇಲೆ, ಹೊರಹೋಗುವ ಹಂತದಲ್ಲಿ ಮಾತ್ರ ವಾಲ್ವ್ ಕುಳಿತಿರುತ್ತದೆ. ಅದು ಮೂಲದಲ್ಲಿಲ್ಲದ ಉಪಸ್ವರಗಳನ್ನು, ವಿಶೇಷವಾಗಿ ಎರಡರಷ್ಟು ಕಂಪನಾಂಕದ್ದನ್ನು, ಅಲ್ಪ ಪ್ರಮಾಣದಲ್ಲಿ ಬೆರೆಸುತ್ತದೆ. ಎರಡರಷ್ಟು ಎಂದರೆ ನಮ್ಮ ಸಂಗೀತದ ತಾರಷಡ್ಜ. ಕಿವಿಗೆ ಹಿತವೆನಿಸುವುದು ಅದಕ್ಕೇ. ಆದರೆ ಅದು ಸೇರಿಸಿದ್ದು, ಮರಳಿ ದೊರೆತದ್ದಲ್ಲ.

ಆದ್ದರಿಂದ ಅವನಿಗೆ ಹೀಗೆಂದೆ: "ಕೊಳ್ಳುವುದಾದರೆ ವಾಲ್ವ್ ನಿಜವಾಗಿ ಧ್ವನಿಯ ಹಾದಿಯಲ್ಲಿದೆಯೋ, ಕೇವಲ ಅಲಂಕಾರದ ದೀಪವೋ ವಿಚಾರಿಸು. ಇ.ಸಿ.ಸಿ. 82, 88ರಂತಹ ಬದಲಿ ಸಿಗುವ ನಳಿಕೆಯಿರಲಿ. ಒಳಗೆ ಅಪಾಯಕಾರಿ ವಿದ್ಯುತ್ತಿರಬಹುದು. ನೀನಾಗಿ ಮುಚ್ಚಳ ತೆರೆಯಬೇಡ. ಆದರೆ ಮೊದಲು ಕ್ಯಾಸೆಟ್ಟುಗಳ ಕಡೆ ನೋಡು. ಪ್ಲೇಯರಿನ ಹೆಡ್ ಕೊಳೆಯಾಗಿದ್ದರೆ, ಅದರ ಕೋನ ತಪ್ಪಿದ್ದರೆ ಮೇಲಿನ ಸ್ವರಗಳು ಸುರುಳಿಯಿಂದ ಹೊರಗೇ ಬರುವುದಿಲ್ಲ. ಬಾರದ್ದನ್ನು ಯಾವ ವಾಲ್ವೂ ತಂದುಕೊಡದು. ಸುರುಳಿಗೂ ಆಯುಷ್ಯವಿದೆ, ತಡಮಾಡಬೇಡ."

ಕಳೆದ ವಾರ ಅವನೇ ಕರೆ ಮಾಡಿದ. ಬಲ್ಲವರಿಂದ ಹೆಡ್ ಸರಿಪಡಿಸಿ, ಮತ್ತೊಮ್ಮೆ ಧ್ವನಿ ಇಳಿಸಿಕೊಂಡನಂತೆ. ಪಲ್ಲವಿಗೆ ಮುನ್ನ ಅಮ್ಮ ಎಳೆದುಕೊಂಡ ಉಸಿರು ಕೇಳಿಸಿತೆಂದು ಹೇಳಿ ಸುಮ್ಮನಾದ. ವಾಲ್ವಿನ ಮಾತು ಆಮೇಲೆ ಬರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಹಿರಿಯರ ಧ್ವನಿಯಿರುವ ಕ್ಯಾಸೆಟ್ಟುಗಳಿರಬಹುದು. ಒಮ್ಮೆ ಹುಡುಕಿ ನೋಡಿರಿ.